ಹಳೆಯ ಮನೆಯ ಹೊರಭಾಗವನ್ನು ಮುಟ್ಟುವ ಮೊದಲು: ಬದಲಾವಣೆಯ ಪ್ರಸ್ತಾವವನ್ನು ಪರಿಶೀಲಿಸುವ ಕ್ರಮ

ಜಗಲಿ, ಮರದ ಕಂಬ, ಹೆಂಚಿನ ಸೂರು ಇರುವ ಹಳೆಯ ಮನೆಯ ದುರಸ್ತಿಗೆಂದು ಸಲಹೆ ಕೇಳಿ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ನಕ್ಷೆ ಇರುತ್ತದೆ. ಅದು ಮುಂದೆ ಆಗಬೇಕಾದ ಮನೆಯ ನಕ್ಷೆ. ಈಗ ಇರುವ ಮನೆಯ ಅಳತೆ ಎಲ್ಲಿದೆ, ಫೋಟೊ ಎಲ್ಲಿದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಚಿಕ್ಕಬಳ್ಳಾಪುರ, ಕೋಲಾರ ಮತ್ತು ತುಮಕೂರಿನ ಪೇಟೆ ಬೀದಿಗಳಲ್ಲಿ ನಾನು ನೋಡಿದ ಪರಿಶೀಲನೆಗಳಲ್ಲಿ ಹೆಚ್ಚಿನವು ಎಡವಿದ್ದು ಇಲ್ಲಿಯೇ: ಪರಿಶೀಲಿಸುವವರು ಹೊಸ ನಕ್ಷೆ ಚೆನ್ನಾಗಿದೆಯೇ ಎಂದು ನೋಡಿದರು, ಅದು ಯಾವ ಗೋಡೆಯ ಮೇಲೆ ಕೂರಲಿದೆ ಎಂಬುದನ್ನು ನೋಡಲಿಲ್ಲ.

ಈ ಮಾರ್ಗದರ್ಶಿ ಮನೆಯ ಮಾಲೀಕರಿಗೆ, ಟ್ರಸ್ಟುಗಳ ಸದಸ್ಯರಿಗೆ, ಸ್ಥಳೀಯ ಸಂಸ್ಥೆಗಳಲ್ಲಿ ಕಡತ ನೋಡುವ ಕಿರಿಯ ಎಂಜಿನಿಯರುಗಳಿಗೆ ಬರೆದದ್ದು. ಒಳಕೋಣೆ, ಅಡುಗೆಮನೆ, ಬಚ್ಚಲುಗಳ ವಿಚಾರ ಇಲ್ಲಿಲ್ಲ. ಹೊರಗಿನಿಂದ ಕಾಣುವ ಗೋಡೆ, ಚಾವಣಿ, ಬಾಗಿಲು, ಕಿಟಕಿ, ಜಗಲಿಗಳ ಬದಲಾವಣೆಯನ್ನು ಮಾತ್ರ ತೆಗೆದುಕೊಂಡಿದ್ದೇನೆ. ಹಂತಗಳ ಅನುಕ್ರಮವನ್ನು ದಯವಿಟ್ಟು ಬದಲಿಸಬೇಡಿ. ನಾಲ್ಕನೆಯ ಹಂತವನ್ನು ಬಿಟ್ಟು ಆರನೆಯದಕ್ಕೆ ಹಾರಿದರೆ ತಪ್ಪು ತೀರ್ಮಾನಕ್ಕೆ ಒಳ್ಳೆಯ ಕಾರಣಗಳು ಸಿಕ್ಕಿಬಿಡುತ್ತವೆ.

ಬೇಕಾಗುವ ಸಲಕರಣೆಗಳು

ಮೂವತ್ತು ಮೀಟರಿನ ಟೇಪು, ತೂಗುಗುಂಡು, ರಸಮಟ್ಟ, ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಕೊಳವೆ, ಟಾರ್ಚು, ಸೀಮೆಸುಣ್ಣ, ಒಂದು ಸಣ್ಣ ಮರದ ಸುತ್ತಿಗೆ, ಒಂದು ಹಳೆಯ ಕಬ್ಬಿಣದ ಮೊಳೆ, ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆ ಮತ್ತು ಅಗಲವಾದ ಅಂಟುಪಟ್ಟಿ ಇದ್ದರೆ ಸಾಕು. ಫೋಟೊಗೆ ಮೊಬೈಲ್ ಆಗುತ್ತದೆ. ಆದರೆ ಪ್ರತಿ ಚಿತ್ರದಲ್ಲೂ ಅಳತೆ ಗೊತ್ತಾಗುವಂತೆ ಕಪ್ಪು ಬಿಳುಪು ಪಟ್ಟೆ ಬಳಿದ ಒಂದು ಮೀಟರಿನ ಕೋಲನ್ನು ನಿಲ್ಲಿಸಿಕೊಳ್ಳಬೇಕು. ಬೆಲೆಬಾಳುವ ತೇವಮಾಪಕಗಳು ಸಿಗುತ್ತವೆಯಾದರೂ ಉಪ್ಪು ಹಿಡಿದ ಗೋಡೆಯಲ್ಲಿ ಅವು ಇರುವುದಕ್ಕಿಂತ ಹೆಚ್ಚು ತೇವ ತೋರಿಸುವುದರಿಂದ, ಅವುಗಳ ಅಂಕಿಯನ್ನೇ ನಂಬಿ ಕೂರುವುದು ಸರಿಯಲ್ಲ.

ಹಂತ 1: ಮನೆ ಯಾವ ನಿಯಮದ ವ್ಯಾಪ್ತಿಯಲ್ಲಿದೆ ಎಂದು ತಿಳಿಯುವುದು

ಮೊದಲ ಪ್ರಶ್ನೆ ದೂರದ್ದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಕೋಲಾರದ ಕೋಲಾರಮ್ಮ ಮತ್ತು ಸೋಮೇಶ್ವರ ದೇವಾಲಯಗಳ ಸುತ್ತ, ನಂದಿ ಗ್ರಾಮದ ಭೋಗನಂದೀಶ್ವರನ ಬೀದಿಯಲ್ಲಿ, ಮಧುಗಿರಿಯಲ್ಲಿ ಕೋಟೆಯ ಬುಡದ ಕೇರಿಗಳಲ್ಲಿ, ಶಿರಾದಲ್ಲಿ ಮಲಿಕ್ ರಿಹಾನ್ ಗೋರಿಯ ಆಸುಪಾಸಿನಲ್ಲಿ ಇರುವ ಹಳೆಯ ಮನೆಗಳವರು ಈ ಅಳತೆಯನ್ನು ಮೊದಲು ಮಾಡಿಸಲೇಬೇಕು.

ಇಲ್ಲಿ ಪದೇಪದೇ ಆಗುವ ತಪ್ಪೆಂದರೆ ಗೋಪುರದಿಂದ ಅಥವಾ ಗರ್ಭಗುಡಿಯಿಂದ ಟೇಪು ಹಿಡಿಯುವುದು. ಅಳತೆ ಆರಂಭವಾಗುವುದು ಸಂರಕ್ಷಿತ ಪ್ರದೇಶದ ಗಡಿಯಿಂದ. ದೇವಾಲಯಕ್ಕೆ ದೊಡ್ಡ ಪ್ರಾಕಾರವಿದ್ದರೆ ಈ ಎರಡು ಅಳತೆಗಳ ನಡುವೆ ಹತ್ತಾರು ಮೀಟರ್ ವ್ಯತ್ಯಾಸ ಬರಬಹುದು. ನಿಷೇಧಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡದ ದುರಸ್ತಿ ಮತ್ತು ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಮನೆ ಆ ದಿನಾಂಕಕ್ಕಿಂತ ಹಿಂದಿನದು ಎಂದು ತೋರಿಸುವ ಹಳೆಯ ಕಂದಾಯ ರಸೀದಿ, ವಿದ್ಯುತ್ ಬಿಲ್ಲು, ವಿಭಾಗಪತ್ರ ಇವುಗಳನ್ನು ಈಗಲೇ ಹುಡುಕಿ ತೆಗೆದಿಡಿ. ಅನುಮತಿಯಿಲ್ಲದೆ ಕೆಲಸ ಮಾಡಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕದ ಕಾಯ್ದೆ ಅನ್ವಯಿಸುತ್ತದೆ. ಇವೆರಡರ ಜೊತೆಗೆ ನಗರಸಭೆ, ಮಹಾನಗರ ಪಾಲಿಕೆ ಅಥವಾ ಗ್ರಾಮ ಪಂಚಾಯಿತಿಯ ಕಟ್ಟಡ ಪರವಾನಗಿ ಬೇರೆಯೇ ಇರುತ್ತದೆ; ಒಂದು ಸಿಕ್ಕಿತೆಂದರೆ ಇನ್ನೊಂದು ಬೇಡವೆಂದಾಗುವುದಿಲ್ಲ.

ನಾನು ನೋಡಿದ ಮನೆಗಳಲ್ಲಿ ಬಹುಪಾಲು ಯಾವ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲೂ ಇರಲಿಲ್ಲ. ಅಂಥ ಮನೆಗೆ ಅಳತೆಗೋಲು ಯಾವುದು ಎಂದು ಕೇಳುವವರಿಗೆ ಕೇಂದ್ರದ 2016ರ ಮಾದರಿ ಕಟ್ಟಡ ಉಪವಿಧಿಗಳಲ್ಲಿ ಪಾರಂಪರಿಕ ಕಟ್ಟಡಗಳಿಗೆ ಇರುವ ಮೂರು ಶ್ರೇಣಿಗಳನ್ನು ತೋರಿಸುತ್ತೇನೆ: ಮೊದಲ ಶ್ರೇಣಿಯ ಕಟ್ಟಡದ ಹೊರಭಾಗವನ್ನು ಭದ್ರತೆಯ ಅಗತ್ಯವಿಲ್ಲದೆ ಮುಟ್ಟುವಂತಿಲ್ಲ, ಮೂರನೆಯ ಶ್ರೇಣಿಯಲ್ಲಿ ಬೀದಿಯ ಒಟ್ಟು ರೂಪಕ್ಕೆ ಹೊಂದುವ ಬದಲಾವಣೆಗೆ ಅವಕಾಶವಿದೆ. ಕಾನೂನು ಕಡ್ಡಾಯ ಮಾಡದಿದ್ದರೂ ನಿಮ್ಮ ಮನೆ ಎಲ್ಲಿ ನಿಲ್ಲುತ್ತದೆ ಎಂದು ಯೋಚಿಸಲು ಇದು ನೆರವಾಗುತ್ತದೆ.

ಇನ್ನೊಂದು ಮಾತು. ಅಣ್ಣತಮ್ಮಂದಿರ ನಡುವೆ ಪಾಲಾಗದ ಮನೆಯಾದರೆ ಎಲ್ಲ ಹಕ್ಕುದಾರರ ಒಪ್ಪಿಗೆ ಬರಹದಲ್ಲಿ ಸಿಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಅರ್ಧ ಕಿತ್ತ ಚಾವಣಿಯ ಕೆಳಗೆ ತಕರಾರು ಆರಂಭವಾದರೆ ಆ ವರ್ಷದ ಮಳೆ ನೇರವಾಗಿ ಮಣ್ಣಿನ ಗೋಡೆಯ ನೆತ್ತಿಯ ಮೇಲೆ ಬೀಳುತ್ತದೆ.

ಹಂತ 2: ಇರುವ ಮನೆಯನ್ನು ಇದ್ದ ಹಾಗೆ ದಾಖಲಿಸುವುದು

ಇಡೀ ಪರಿಶೀಲನೆಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಒಂದು ಸಾಧಾರಣ ತೊಟ್ಟಿಮನೆಯ ಹೊರಭಾಗಕ್ಕೆ ಎರಡು ಪೂರ್ಣ ದಿನ ಬೇಕು. ಸಾಧ್ಯವಾದರೆ ಒಂದು ದಿನ ಒಣ ಹವೆಯಲ್ಲಿ, ಇನ್ನೊಂದು ದಿನ ಮಳೆ ಬಿದ್ದ ಮರುಬೆಳಗ್ಗೆ.

ಮೊದಲು ಬೀದಿಯ ಎದುರು ಬದಿಯಲ್ಲಿ ನಿಂತು ಮುಂಭಾಗವನ್ನು ನೇರವಾಗಿ, ಆಮೇಲೆ ಎರಡೂ ಓರೆಗಳಿಂದ, ನಂತರ ಪಕ್ಕದ ಮನೆಗಳೂ ಸೇರುವಂತೆ ಫೋಟೊ ತೆಗೆಯಿರಿ. ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದ ಚಿತ್ರ ಗೋಡೆಯ ಉಬ್ಬನ್ನೂ ಬಿರುಕನ್ನೂ ತೋರಿಸುತ್ತದೆ, ನಡುಮಧ್ಯಾಹ್ನದ ಚಿತ್ರ ಎರಡನ್ನೂ ಮುಚ್ಚಿಡುತ್ತದೆ. ಬಳಿಕ ಒಂದೊಂದೇ ಅಂಗವನ್ನು ಸಮೀಪದಿಂದ ತೆಗೆಯಿರಿ: ಬಾಗಿಲವಾಡ, ಹೊಸ್ತಿಲು, ಕಂಬದ ಬುಡ, ಬೋದಿಗೆ (ಕಂಬದ ತಲೆಯ ಮೇಲೆ ತೊಲೆಯನ್ನು ಹೊರುವ ತುಂಡು), ಸೂರಿನ ಅಂಚು, ಕಿಟಕಿಯ ಸರಳು, ಜಗಲಿಯ ಚಪ್ಪಡಿಯ ಸಂದು. ಪ್ರತಿ ಅಂಗಕ್ಕೂ ಒಂದು ಸಂಖ್ಯೆ ಕೊಟ್ಟು ಅದೇ ಸಂಖ್ಯೆಯನ್ನು ಕೈನಕ್ಷೆಯಲ್ಲಿ ಗುರುತಿಸಬೇಕು. ಮುಂದೆ ಷರತ್ತು ಬರೆಯುವಾಗ ಈ ಸಂಖ್ಯೆಗಳೇ ಆಧಾರವಾಗುತ್ತವೆ.

ಅಳತೆ ತೆಗೆಯುವಾಗ ಎಲ್ಲರೂ ಮರೆಯುವುದು ರಸ್ತೆಯ ಮಟ್ಟ. ನೀರಿನ ಕೊಳವೆಯ ಒಂದು ತುದಿಯನ್ನು ರಸ್ತೆಯ ನಡುವೆ, ಇನ್ನೊಂದನ್ನು ಹೊಸ್ತಿಲಿನ ಬಳಿ ಹಿಡಿದು ವ್ಯತ್ಯಾಸವನ್ನು ಬರೆದುಕೊಳ್ಳಿ. ಹಳೆಯ ಡಾಂಬರನ್ನು ಕೆರೆಯದೆ ಅದರ ಮೇಲೆಯೇ ಮತ್ತೆ ಮತ್ತೆ ಡಾಂಬರು, ಕೊನೆಗೆ ಕಾಂಕ್ರೀಟು ಹಾಕಿದ ಬೀದಿಗಳಲ್ಲಿ, ಒಂದು ಕಾಲಕ್ಕೆ ಎರಡು ಮೆಟ್ಟಿಲು ಹತ್ತಿ ಏರುತ್ತಿದ್ದ ಜಗಲಿ ಈಗ ರಸ್ತೆಗಿಂತ ನಾಲ್ಕು ಬೆರಳು ಮಾತ್ರ ಎತ್ತರದಲ್ಲಿರುವುದನ್ನು ನೋಡಬಹುದು. ಗೋಡೆಯ ಬುಡದ ಕಾಯಿಲೆಗೆ ಎಷ್ಟೋ ಬಾರಿ ಇದೊಂದೇ ಕಾರಣ.

ಗೋಡೆ ಯಾವುದರಿಂದ ಕಟ್ಟಿದ್ದು ಎಂಬುದನ್ನು ಊಹಿಸಬೇಡಿ. ನಮ್ಮ ಕಡೆ ಬೀದಿಯ ಬದಿಗೆ ಸೈಜುಗಲ್ಲು, ಒಳಬದಿಗೆ ಮಣ್ಣಿನ ಮುದ್ದೆ ಅಥವಾ ಹಸಿ ಇಟ್ಟಿಗೆ ಇರುವ ಗೋಡೆಗಳು ಸಾಮಾನ್ಯ. ಪಾವಗಡ, ಮಧುಗಿರಿ ಕಡೆಯಲ್ಲಿ ಮಣ್ಣಿನ ಮಾಳಿಗೆ, ಕೋಲಾರದ ಕಡೆ ಕಲ್ಲು ಚಪ್ಪಡಿಯ ಚಾವಣಿ, ಪೇಟೆಯ ಸ್ಥಿತಿವಂತರ ಮನೆಗಳಲ್ಲಿ ತೇಗದ ತೊಲೆಯ ಮೇಲೆ ಇಟ್ಟಿಗೆಯನ್ನು ಓರೆಯಾಗಿ ಜೋಡಿಸಿದ ಮದರಾಸು ತಾರಸಿ, ಹೀಗೆ ಬೇರೆಬೇರೆ. ಗಿಲಾವು ಸುಣ್ಣದ್ದೋ ಸಿಮೆಂಟಿನದೋ ಎಂದು ತಿಳಿಯಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಮೊಳೆಯಿಂದ ಗೀರಿ ನೋಡಿ. ಸುಣ್ಣದ ಗಾರೆ ಬಿಳಿ ಹುಡಿಯಾಗಿ ಉದುರುತ್ತದೆ, ಸಿಮೆಂಟಿನ ಮೇಲೆ ಬೂದು ಗೆರೆ ಮಾತ್ರ ಮೂಡುತ್ತದೆ. ಆಮ್ಲದ ಹನಿ ಹಾಕಿ ನೊರೆ ಬಂದರೆ ಸುಣ್ಣ ಎನ್ನುವ ಪರೀಕ್ಷೆಯನ್ನು ಕೆಲವರು ಹೇಳಿಕೊಡುತ್ತಾರೆ; ಹಳೆಯ ಸಿಮೆಂಟೂ ನೊರೆ ತರುವುದರಿಂದ ಅದು ನಂಬಲರ್ಹವಲ್ಲ.

ಬಿರುಕು ಕಂಡಲ್ಲಿ ಅದರ ಎರಡು ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ದಿನಾಂಕ ಬರೆಯಿರಿ, ಅಗಲವನ್ನು ಮಿಲಿಮೀಟರಿನಲ್ಲಿ ದಾಖಲಿಸಿ, ಅಡ್ಡಲಾಗಿ ಸಣ್ಣದೊಂದು ಗಾಜಿನ ಪಟ್ಟಿಯನ್ನು ಗಾರೆಯಿಂದ ಅಂಟಿಸಿ. ಎರಡು ಮೂರು ತಿಂಗಳಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಅಂಥ ಗೋಡೆಯ ಮೇಲೆ ಯಾವ ಅಲಂಕಾರದ ಪ್ರಸ್ತಾವವನ್ನೂ ಪರಿಗಣಿಸುವಂತಿಲ್ಲ, ಮೊದಲು ರಚನಾ ಎಂಜಿನಿಯರನ್ನು ಕರೆಸಬೇಕು.

ಹಂತ 3: ಉಳಿಯಲೇಬೇಕಾದ ಲಕ್ಷಣಗಳನ್ನು ಬರೆದಿಡುವುದು

ಸಂಖ್ಯೆ ಕೊಟ್ಟ ಅಂಗಗಳನ್ನು ಮೂರು ಗುಂಪು ಮಾಡಿ. ಹೋದರೆ ಮನೆ ತನ್ನ ಗುರುತನ್ನೇ ಕಳೆದುಕೊಳ್ಳುವಂಥವು, ದುರಸ್ತಿಯಲ್ಲಿ ಸ್ವಲ್ಪ ಬದಲಾದರೂ ಸಹಿಸಬಹುದಾದವು, ತೆಗೆದರೆ ಮನೆಗೆ ಒಳ್ಳೆಯದೇ ಆಗುವಂಥವು. ಚಾವಣಿಯ ಇಳಿಜಾರು ಮತ್ತು ಎತ್ತರ, ಜಗಲಿಯ ತೆರವು, ಬಾಗಿಲು ಕಿಟಕಿಗಳ ನಡುವಿನ ಅಂತರ, ಸೂರು ಹೊರಚಾಚಿದ ಅಳತೆ ಇವು ಸಾಮಾನ್ಯವಾಗಿ ಮೊದಲ ಗುಂಪಿಗೆ ಸೇರುತ್ತವೆ. ಪರಿಶೀಲಿಸುವವರು ಕೆತ್ತನೆಯ ಬಾಗಿಲೊಂದನ್ನೇ ಕೊಂಡಾಡಿ, ಈ ಅಳತೆಗಳನ್ನು ಬಿಟ್ಟುಬಿಡುತ್ತಾರೆ. ಬಾಗಿಲು ಉಳಿದು ಜಗಲಿ ಮುಚ್ಚಿಹೋದ ಮನೆ ಬೀದಿಗೆ ಹೊಸ ಮನೆಯಾಗಿಯೇ ಕಾಣುತ್ತದೆ.

ಆಮೇಲೆ ಸೇರಿದ್ದೆಲ್ಲವೂ ಕಸವಲ್ಲ. ಮಣ್ಣಿನ ಮನೆಯ ಮುಂದೆ ಮುಂದಿನ ತಲೆಮಾರು ಕಟ್ಟಿಸಿದ ಮದರಾಸು ತಾರಸಿಯ ಮುಂಗೋಣೆ, ಅದರ ಕೈಪಿಡಿ ಗೋಡೆಯ ಮೇಲೆ ಗಾರೆಯಲ್ಲಿ ಬರೆದ ಇಸವಿ, ಕೆಜಿಎಫ್‌ನ ಗಣಿ ಕಾಲದ ಬಂಗಲೆಯೊಂದರ ವರಾಂಡಕ್ಕೆ ತಡವಾಗಿ ಸೇರಿಸಿದ ಮರದ ಜಾಲರಿ, ಇವಕ್ಕೆ ತಮ್ಮದೇ ಬೆಲೆ ಬಂದಿರುತ್ತದೆ. ಮೂಲ ರೂಪಕ್ಕೆ ಮರಳಿಸುತ್ತೇವೆ ಎಂದು ಇವನ್ನು ಕೆಡವುವ ಪ್ರಸ್ತಾವ ಬಂದಾಗ, ಆ ಮೂಲ ರೂಪಕ್ಕೆ ಫೋಟೊ ಅಥವಾ ಗೋಡೆಯಲ್ಲೇ ಉಳಿದ ಗುರುತು ಸಾಕ್ಷಿಯಿದೆಯೇ ಎಂದು ಕೇಳಿ. ಊಹೆ ಆರಂಭವಾಗುವಲ್ಲಿ ಪುನರುದ್ಧಾರ ನಿಲ್ಲಬೇಕು ಎಂಬುದು ಸಂರಕ್ಷಣೆ ಕುರಿತ 1964ರ ಅಂತರರಾಷ್ಟ್ರೀಯ ವೆನಿಸ್ ಸನ್ನದಿನ ನಿಯಮ; ಸ್ಮಾರಕಗಳಿಗೆಂದು ಬರೆದದ್ದಾದರೂ ಪೇಟೆಯ ಮನೆಗೂ ಅದು ಸರಿಯಾಗಿ ಹೊಂದುತ್ತದೆ.

ಹಂತ 4: ಬದಲಾವಣೆ ಏಕೆ ಬೇಕಾಗಿದೆ ಎಂದು ಕೇಳುವುದು

ಪ್ರಸ್ತಾವದಲ್ಲಿ ಬರೆದಿರುವುದು ಪರಿಹಾರ. ತೊಂದರೆ ಏನು ಎಂಬುದನ್ನು ಮನೆಯಲ್ಲಿ ವಾಸಿಸುವವರ ಬಾಯಿಂದಲೇ, ಅದರಲ್ಲೂ ದಿನವಿಡೀ ಮನೆಯಲ್ಲಿರುವ ಹಿರಿಯ ಹೆಂಗಸರಿಂದ ಕೇಳಬೇಕು. ಯಾವ ಮೂಲೆಯಲ್ಲಿ ಮೊದಲು ಸೋರಿತು, ಯಾವ ವರ್ಷ ಗೋಡೆ ಉದುರಲು ಶುರುವಾಯಿತು, ಅದಕ್ಕೆ ಸ್ವಲ್ಪ ಮೊದಲು ಏನು ಕೆಲಸ ಮಾಡಿಸಿದ್ದರು, ಈ ಮೂರಕ್ಕೆ ಅವರಲ್ಲಿ ಖಚಿತ ಉತ್ತರವಿರುತ್ತದೆ.

ಚಿಕ್ಕಬಳ್ಳಾಪುರದ ಒಂದು ಮನೆಯವರು ಬೀದಿ ಗೋಡೆಗೆ ಸೊಂಟದೆತ್ತರದವರೆಗೆ ನುಣುಪಾದ ಗ್ರಾನೈಟ್ ಹಲಗೆ ಅಂಟಿಸಲು ಕೇಳಿದ್ದರು. ಗೋಡೆಯ ಬುಡ ಉದುರುತ್ತಿದೆ, ಪ್ರತಿ ವರ್ಷ ಬಣ್ಣ ಬಳಿದು ಸಾಕಾಗಿದೆ ಎಂಬುದು ಕಾರಣ. ನಾನು ಸುತ್ತಿಗೆಯಿಂದ ಬುಡದಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬಂತು. ಮೂರು ವರ್ಷ ಹಿಂದೆ ಬಳಿದ ಸಿಮೆಂಟ್ ಗಿಲಾವನ್ನು ಕರಣೆಯ ತುದಿಯಿಂದ ಎತ್ತಿದೆವು. ಅದು ಹಪ್ಪಳದಂತೆ ಒಂದೇ ತುಂಡಾಗಿ ಎದ್ದು ಬಂತು. ಅದರ ಬೆನ್ನಿಗೆ ಹತ್ತಿಯಂತೆ ಬಿಳಿ ಉಪ್ಪು ಅಂಟಿತ್ತು, ಹಿಂದಿನ ಮಣ್ಣು ಬೆರಳಿಗೆ ಒದ್ದೆಯಾಗಿ ಮೆತ್ತಗೆ ತಗುಲಿತು. ರಸ್ತೆಯ ನೀರು ಗೋಡೆಯ ಬುಡಕ್ಕೆ ಇಳಿಯುತ್ತಿತ್ತು, ಹೊರಗೆ ಆರಿಹೋಗಲು ಸಿಮೆಂಟು ಬಿಡುತ್ತಿರಲಿಲ್ಲ. ಅದರ ಮೇಲೆ ಗ್ರಾನೈಟು ಬಂದಿದ್ದರೆ ತೇವ ಇನ್ನೂ ಮೇಲೇರಿ ಕಿಟಕಿಯ ಮರವನ್ನು ಹಿಡಿಯುತ್ತಿತ್ತು. ಅಲ್ಲಿ ಬೇಕಾಗಿದ್ದು ಸಿಮೆಂಟು ತೆಗೆದು ಸುಣ್ಣದ ಗಾರೆ ಬಳಿಯುವುದು, ಗೋಡೆಗೂ ರಸ್ತೆಗೂ ನಡುವೆ ಜಲ್ಲಿ ತುಂಬಿದ ಕಿರಿದಾದ ಕಾಲುವೆ ಮಾಡಿ ನೀರನ್ನು ಚರಂಡಿಗೆ ತಿರುಗಿಸುವುದು. ಗ್ರಾನೈಟಿನ ಮಾತು ಅಲ್ಲಿಗೆ ಬಿಟ್ಟುಹೋಯಿತು.

ತೇವ ಎಲ್ಲಿಂದ ಬರುತ್ತಿದೆ ಎಂಬ ಅನುಮಾನವಿದ್ದರೆ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ತೇವ ಗೋಡೆಯೊಳಗಿನದು, ಹೊರಮೈಯಲ್ಲಿದ್ದರೆ ಗಾಳಿಯದು.

ಹಂತ 5: ಪ್ರತಿ ಬದಲಾವಣೆಯನ್ನೂ ಪ್ರಶ್ನೆಗಳಿಂದ ಅಳೆಯುವುದು

ಪ್ರಸ್ತಾವವನ್ನು ಒಟ್ಟಾಗಿ ಒಪ್ಪುವುದು ಅಥವಾ ತಳ್ಳುವುದು ಸರಿಯಾದ ಕ್ರಮವಲ್ಲ. ಅದನ್ನು ಬಿಡಿ ಕೆಲಸಗಳಾಗಿ ಒಡೆದು, ಒಂದೊಂದಕ್ಕೂ ಇದೇ ಅನುಕ್ರಮದಲ್ಲಿ ಕೇಳಬೇಕು: ಇರುವುದನ್ನೇ ದುರಸ್ತಿ ಮಾಡಲು ಆಗುವುದಿಲ್ಲವೇ? ಆಗದಿದ್ದರೆ, ಹಾಳಾದ ಭಾಗವನ್ನು ಮಾತ್ರ ಬದಲಿಸಬಹುದೇ? ಹೊಸ ವಸ್ತು ಹಳೆಯದರೊಂದಿಗೆ ಹಿಗ್ಗಿ ಕುಗ್ಗಿ, ತೇವವನ್ನು ಹೊರಬಿಟ್ಟು ಬಾಳುತ್ತದೆಯೇ? ಮುಂದೊಂದು ದಿನ ಇದನ್ನು ತೆಗೆದರೆ ಹಳೆಯ ಗೋಡೆಗೆ ಗಾಯವಾಗದೆ ಬರುತ್ತದೆಯೇ? ಬೀದಿಯಿಂದ ಕಾಣುತ್ತದೆಯೇ ಎಂಬ ಪ್ರಶ್ನೆ ಕೊನೆಯದು. ಇದನ್ನೇ ಮೊದಲು ಕೇಳುವವರು ಹಿತ್ತಿಲ ಗೋಡೆಗೆ ಏನು ಬೇಕಾದರೂ ಬಳಿಯಲು ಬಿಟ್ಟುಬಿಡುತ್ತಾರೆ, ಹಾನಿ ಅಲ್ಲಿಂದ ಮುಂದಿನ ಗೋಡೆಗೆ ಹಬ್ಬುತ್ತದೆ.

ಹಂತ 6: ಅಂಗಗಳ ಪರಿಶೀಲನೆ

*ಗೋಡೆ ಮತ್ತು ಬಣ್ಣ.* ಮಣ್ಣು ಅಥವಾ ಸುಣ್ಣದಲ್ಲಿ ಕಟ್ಟಿದ ಗೋಡೆಗೆ ಸಿಮೆಂಟ್ ಗಿಲಾವು, ಟೈಲ್ಸ್, ಹೊಳಪಿನ ಪ್ಲಾಸ್ಟಿಕ್ ಬಣ್ಣ ಮೂರನ್ನೂ ಒಪ್ಪಬಾರದು. ಆರಂಭದ ದಿನಗಳಲ್ಲಿ ಮಧುಗಿರಿಯ ಮನೆಯೊಂದಕ್ಕೆ, ಬಣ್ಣದ ಛಾಯೆ ಹಳೆಯದಕ್ಕೆ ಸರಿಹೊಂದಿತೆಂಬ ಒಂದೇ ಕಾರಣಕ್ಕೆ ನಾನು ಅಂಥ ಬಣ್ಣವನ್ನು ಒಪ್ಪಿದ್ದೆ. ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಗೋಡೆಯ ತುಂಬ ಬೊಕ್ಕೆಗಳೆದ್ದಿದ್ದವು. ಒಡೆದರೆ ಒಳಗಿನಿಂದ ನೀರು, ನೀರಿನ ಜೊತೆಗೆ ಹಳೆಯ ಗಾರೆಯೂ ಬಂತು. ಅದನ್ನು ಕೆರೆಯಲು ಆದ ಖರ್ಚು ಬಳಿದ ಖರ್ಚಿಗಿಂತ ಹೆಚ್ಚು. ಅಂದಿನಿಂದ ಛಾಯೆಯನ್ನು ಕೊನೆಗೆ ನೋಡುತ್ತೇನೆ, ಉಸಿರಾಡುವ ಗುಣವನ್ನು, ಅಂದರೆ ತೇವವನ್ನು ಹೊರಬಿಡುವ ಗುಣವನ್ನು, ಮೊದಲು ನೋಡುತ್ತೇನೆ. ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ, ಇವು ಹಳೆಯ ಗೋಡೆಗೆ ಇಂದಿಗೂ ಸರಿಯಾದ ಬಣ್ಣಗಳು.

ಸುಣ್ಣದ ಗಾರೆ ಒಪ್ಪಿದರೆ ಸಾಲದು, ಕಾಲವನ್ನೂ ನೋಡಬೇಕು. ನಮ್ಮ ಜಿಲ್ಲೆಗಳಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ಮಳೆ ಜೋರು. ಮಾರ್ಚಿನ ನಂತರದ ಒಣಗಾಳಿ ಗಾರೆಯ ನೀರನ್ನು ಬೇಗ ಹೀರಿ ಬಿರುಕು ತರುತ್ತದೆ. ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ಮಾಡಿದ ಕೆಲಸ ಚೆನ್ನಾಗಿ ಕೂರುತ್ತದೆ. ತೆಳು ಪದರಗಳಲ್ಲಿ ಬಳಿದು, ಒದ್ದೆ ಗೋಣಿಚೀಲ ಇಳಿಬಿಟ್ಟು, ಹತ್ತು ದಿನವಾದರೂ ತಂಪು ಕಾಯಬೇಕು. ಬೇಗ ಗಟ್ಟಿಯಾಗಲಿ ಎಂದು ಮೇಸ್ತ್ರಿಗಳು ಒಂದು ಬೊಗಸೆ ಸಿಮೆಂಟು ಬೆರೆಸುವುದುಂಟು. ಅದಕ್ಕೆ ಅವಕಾಶ ಕೊಡಬೇಡಿ.

*ಚಾವಣಿ.* ಸೋರುವ ಹೆಂಚಿನ ಚಾವಣಿಯ ಬದಲು ಕಾಂಕ್ರೀಟ್ ತಾರಸಿ ಹಾಕುವ ಪ್ರಸ್ತಾವವೇ ಅತಿ ಹೆಚ್ಚು ಬರುತ್ತದೆ. ಇಲ್ಲಿ ಲೆಕ್ಕ ಸರಳ. ನಾಲ್ಕು ಇಂಚು ದಪ್ಪದ ತಾರಸಿ ಚದರ ಮೀಟರಿಗೆ ಸುಮಾರು 250 ಕೆ.ಜಿ. ತೂಗುತ್ತದೆ. ಅದೇ ಜಾಗಕ್ಕೆ ಮಂಗಳೂರು ಹೆಂಚು ಸುಮಾರು 15 ಬೇಕು, ತೂಕ 40 ಕೆ.ಜಿ. ಆಸುಪಾಸು, ಜಂತೆ, ರೀಪುಗಳನ್ನು ಸೇರಿಸಿದರೂ ತಾರಸಿಯ ಹತ್ತಿರಕ್ಕೆ ಬರುವುದಿಲ್ಲ. ಮಣ್ಣಿನ ಗೋಡೆ ಈ ಹೊಸ ಹೊರೆಗೆ ಕಟ್ಟಿದ್ದಲ್ಲ. ಆದ್ದರಿಂದ ಮೊದಲು ಸೋರುವ ಜಾಗ ಹುಡುಕಿಸಿ: ಹೆಚ್ಚಾಗಿ ಅದು ಎರಡು ಇಳಿಜಾರು ಸೇರುವ ಸಂದು, ತೊಟ್ಟಿಯ ಸುತ್ತ ಸೂರಿನ ನೀರು ಹರಿಯುವ ತಗಡಿನ ದೋಣಿ, ಅಥವಾ ಕೊಳೆತ ರೀಪಿನಿಂದ ಕುಸಿದ ಒಂದೆರಡು ಸಾಲು. ಹೆಂಚು ಇಳಿಸುವಾಗ ಒಡೆಯದವನ್ನು ಜೋಡಿಸಿಟ್ಟು ಬೀದಿಯ ಕಡೆಗೆ ಹಳೆಯದನ್ನೂ ಒಳತೊಟ್ಟಿಯ ಕಡೆಗೆ ಹೊಸದನ್ನೂ ಹೊದಿಸುವಂತೆ ಷರತ್ತು ಹಾಕಿದರೆ ಮುಂಭಾಗದ ಮೈಬಣ್ಣ ಉಳಿಯುತ್ತದೆ. ಹೊಸದಾಗಿ ಕೊಳ್ಳುವ ಹೆಂಚಿನ ಕೊಂಡಿ ಹಳೆಯ ಹೆಂಚಿಗೆ ಕೂಡುತ್ತದೆಯೇ ಎಂದು ಎರಡು ತಂದು ನೋಡದೆ ಲೋಡು ತರಿಸಬಾರದು.

ಮದರಾಸು ತಾರಸಿಯಲ್ಲಿ ನೋಡಬೇಕಾದದ್ದು ತೊಲೆಗಳು ಗೋಡೆಯೊಳಗೆ ಕೂತ ತುದಿ. ನಡುವೆ ಗಟ್ಟಿಯಾಗಿ ಕಂಡ ತೊಲೆ ತುದಿಯಲ್ಲಿ ಗೆದ್ದಲು ಹಿಡಿದು ಟೊಳ್ಳಾಗಿರಬಹುದು. ಅಂಥ ತಾರಸಿಯ ಮೇಲೆ ಸಾವಿರ ಲೀಟರಿನ ಟ್ಯಾಂಕು ಎಂದರೆ ಒಂದು ಟನ್ ನೀರು. ಅದನ್ನು ಹಿತ್ತಿಲಿನಲ್ಲಿ ಪ್ರತ್ಯೇಕ ಕಂಬಗಳ ಮೇಲೆ ನಿಲ್ಲಿಸಲು ಹೇಳಿ.

*ಬಾಗಿಲು, ಕಿಟಕಿ.* ಕಿಟಕಿಯ ಮರ ಕೊಳೆಯುವುದು ಸಾಮಾನ್ಯವಾಗಿ ಕೆಳಗಿನ ಒಂದು ಗೇಣಿನಲ್ಲಿ. ಅಷ್ಟನ್ನು ಕತ್ತರಿಸಿ ಅದೇ ಜಾತಿಯ ಮರ ಕೂಡಿಸಬಲ್ಲ ಬಡಗಿಗಳು ಇನ್ನೂ ಇದ್ದಾರೆ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಅಥವಾ ಅಲ್ಯೂಮಿನಿಯಂ ಕಿಟಕಿಗೆ ಒಪ್ಪಿದರೆ ಚೌಕಟ್ಟಿನ ದಪ್ಪ, ಸರಳಿನ ಅಂತರ, ಗೋಡೆಯೊಳಗೆ ಕಿಟಕಿ ಹಿಂದೆ ಸರಿದು ಕೂತ ಆಳ ಎಲ್ಲವೂ ಒಟ್ಟಿಗೆ ಹೋಗುತ್ತವೆ.

*ಜಗಲಿಯಲ್ಲಿ ಅಂಗಡಿ.* ಇದು ಕಠಿಣ ಪ್ರಶ್ನೆ, ಏಕೆಂದರೆ ಬಾಡಿಗೆಯಿಂದಲೇ ಎಷ್ಟೋ ಮನೆಗಳು ನಿಂತಿವೆ. ಅಂಗಡಿಯೇ ಬೇಡ ಎಂದರೆ ಕುಟುಂಬ ಮನೆಯನ್ನೇ ಮಾರಿಬಿಡಬಹುದು. ನನ್ನ ಅಭಿಪ್ರಾಯದಲ್ಲಿ ಅಂಗಡಿಯನ್ನು ಒಪ್ಪಿ, ರೋಲಿಂಗ್ ಷಟರನ್ನು ಕಂಬಗಳ ಸಾಲಿನಲ್ಲಿ ಕೂರಿಸದೆ ಜಗಲಿಯ ಹಿಂಗೋಡೆಯ ಸಾಲಿಗೆ ಸರಿಸಬೇಕು. ಷಟರಿನ ಪೆಟ್ಟಿಗೆಗಾಗಿ ಬೋದಿಗೆ, ತೊಲೆಗಳನ್ನು ಕತ್ತರಿಸಕೂಡದು. ಫಲಕದ ಎತ್ತರ ಸೂರಿನ ಅಂಚನ್ನು ದಾಟಬಾರದು.

*ಮೇಲಂತಸ್ತು.* ಬೀದಿಯ ಮುಂಭಾಗಕ್ಕೆ ನೇರವಾಗಿ ಏರಿಸುವ ಅಂತಸ್ತನ್ನು ಒಪ್ಪಬಾರದು. ಹಿಂಬದಿಯಲ್ಲಿ, ತನ್ನದೇ ಕಂಬ ತಳಪಾಯಗಳ ಮೇಲೆ, ಎದುರು ಬದಿಯಲ್ಲಿ ನಿಂತವರಿಗೆ ಕಾಣದಷ್ಟು ಹಿಂದೆ ಸರಿದಿದ್ದರೆ ಪರಿಗಣಿಸಬಹುದು. ಇದನ್ನು ನಕ್ಷೆಯಲ್ಲಿ ತೀರ್ಮಾನಿಸದೆ, ಆ ಎತ್ತರಕ್ಕೆ ಎರಡು ಬಿದಿರು ನಿಲ್ಲಿಸಿ ಬಟ್ಟೆ ಕಟ್ಟಿ ಬೀದಿಯಿಂದ ನೋಡಿ.

*ತಂತಿ, ಮೀಟರು, ಎಸಿ ಯಂತ್ರ, ಸೌರ ಫಲಕ.* ಇವು ಪಕ್ಕದ ಅಥವಾ ಹಿಂದಿನ ಗೋಡೆಗೆ ಹೋಗಲಿ. ಮೊಳೆಯನ್ನು ಕಲ್ಲಿಗೆ ಹೊಡೆಯದೆ ಸಂದಿಗೆ ಹೊಡೆಯಬೇಕು.

ಹಂತ 7: ಮಾದರಿ ಮಾಡಿಸಿ ನೋಡುವುದು

ಗಾರೆ, ಸಂದು ತುಂಬುವ ಕೆಲಸ, ಬಣ್ಣ, ಮರದ ಜೋಡಣೆ ಯಾವುದಾದರೂ ಸರಿ, ಹೆಚ್ಚು ಕಾಣದ ಜಾಗದಲ್ಲಿ ಒಂದು ಮೀಟರ್ ಚೌಕ ಮಾಡಿಸಿ ನಾಲ್ಕು ವಾರ ಬಿಟ್ಟು ನೋಡಿ. ಒದ್ದೆ ಗಾರೆಯ ಬಣ್ಣ ಒಣಗಿದ ಮೇಲೆ ಬೇರೆಯಾಗುತ್ತದೆ. ಕಲ್ಲಿನ ಸಂದಿನಲ್ಲಿ ಗಾರೆ ಕಲ್ಲಿನ ಮುಖದ ಮೇಲೆ ಹರಡಿ ದಪ್ಪ ಗೆರೆಯಂತೆ ಉಬ್ಬಿದ್ದರೆ ಮಾದರಿಯನ್ನು ತಿರಸ್ಕರಿಸಿ, ಮತ್ತೆ ಮಾಡಿಸಿ. ಒಪ್ಪಿದ ಮಾದರಿಯನ್ನು ಕೆಲಸ ಮುಗಿಯುವವರೆಗೆ ಹಾಗೇ ಉಳಿಸಿಕೊಳ್ಳಬೇಕು.

ಹಂತ 8: ತೀರ್ಮಾನವನ್ನು ಬರೆಯುವುದು

“ಮನೆಯ ಪಾರಂಪರಿಕ ಸ್ವರೂಪಕ್ಕೆ ಧಕ್ಕೆಯಾಗದಂತೆ ಕೆಲಸ ನಿರ್ವಹಿಸತಕ್ಕದ್ದು” ಎಂಬ ಷರತ್ತು ಕಡತಗಳಲ್ಲಿ ಪದೇಪದೇ ಕಾಣುತ್ತದೆ. ಅದರಿಂದ ಮೇಸ್ತ್ರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ತಪ್ಪಾದಾಗ ಯಾರನ್ನೂ ಕೇಳುವಂತೆಯೂ ಇಲ್ಲ. ಅದರ ಬದಲು ಹೀಗೆ ಬರೆಯಿರಿ: “ಬೀದಿ ಗೋಡೆಯಲ್ಲಿ 4ರಿಂದ 7ರವರೆಗಿನ ಸಂಖ್ಯೆಯ ಭಾಗಗಳ ಸಿಮೆಂಟ್ ಗಿಲಾವನ್ನು ಉಳಿ ಮತ್ತು ಕೈಸುತ್ತಿಗೆಯಿಂದ ಮಾತ್ರ ತೆಗೆದು, ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆಯನ್ನು ಒಪ್ಪಿದ ಮಾದರಿಯಂತೆ ಬಳಿಯತಕ್ಕದ್ದು; ಒಡೆಯುವ ಯಂತ್ರ ಬಳಸಕೂಡದು.” ಭಾಗ, ವಸ್ತು, ವಿಧಾನ, ನಿಷೇಧ ನಾಲ್ಕೂ ಒಂದೇ ವಾಕ್ಯದಲ್ಲಿ ಬಂದಿರಬೇಕು.

ತಿರಸ್ಕರಿಸಿದ ಕೆಲಸಕ್ಕೂ ಕಾರಣ ಮತ್ತು ಬದಲಿ ದಾರಿ ಬರೆಯಬೇಕು. ಷರತ್ತುಗಳ ಒಂದು ಪ್ರತಿ ಮೇಸ್ತ್ರಿಯ ಕೈಗೆ, ಆಡುಮಾತಿನಲ್ಲಿ ವಿವರಿಸಿದ ಮೇಲೆ, ಹೋಗಲೇಬೇಕು. ಮಾಲೀಕರ ಬೀರುವಿನಲ್ಲಿ ಉಳಿದ ಷರತ್ತು ಗೋಡೆಯನ್ನು ತಲುಪುವುದಿಲ್ಲ.

ಹಂತ 9: ಕೆಲಸದ ವೇಳೆಯ ಭೇಟಿ ಮತ್ತು ಎಚ್ಚರಿಕೆಯ ಗುರುತುಗಳು

ಕನಿಷ್ಠ ಮೂರು ಭೇಟಿ ಬೇಕು: ಕಿತ್ತು ತೆಗೆಯುವ ಮೊದಲ ದಿನ, ಗೋಡೆ ಅಥವಾ ಚಾವಣಿ ಪೂರ್ತಿ ತೆರೆದುಕೊಂಡ ದಿನ, ಕೊನೆಯ ಪದರ ಹಾಕುವ ಮುನ್ನಾದಿನ. ಎರಡನೆಯ ಭೇಟಿಯಲ್ಲಿ ಎಣಿಸದ ಸಂಗತಿಗಳು ಹೊರಬೀಳುತ್ತವೆ, ಮುಚ್ಚಿದ ಕಿಟಕಿ, ಟೊಳ್ಳಾದ ತೊಲೆ, ಹಳೆಯ ಗಾರೆಯ ಚಿತ್ತಾರ. ಆಗ ಕೆಲಸ ನಿಲ್ಲಿಸಿ ಎರಡನೆಯ ಹಂತದಂತೆ ಅವನ್ನು ದಾಖಲಿಸಿ, ಅಗತ್ಯವಿದ್ದರೆ ಷರತ್ತು ತಿದ್ದಿಕೊಳ್ಳಬೇಕು.

ಅಂಗಳದಲ್ಲಿ ಸಿಮೆಂಟ್ ಚೀಲಗಳು ಲೆಕ್ಕಕ್ಕಿಂತ ಹೆಚ್ಚು ಕಂಡರೆ, ಇಳಿಸಿದ ಹಳೆಯ ಮರ ಮರುದಿನ ಅಲ್ಲಿಲ್ಲದಿದ್ದರೆ, ಗುರುತು ಹಾಕದ ಗೋಡೆಯ ಗಿಲಾವೂ ಬಿದ್ದಿದ್ದರೆ, ಚಾವಣಿ ತೆರೆದಿಟ್ಟು ಟಾರ್ಪಾಲು ತರಿಸದಿದ್ದರೆ, ಬಾಗಿಲವಾಡದ ಮೇಲೆ ಹೊಸ ಕೂದಲೆಳೆಯ ಬಿರುಕು ಕಂಡರೆ ಅದೇ ಗಳಿಗೆಯಲ್ಲಿ ಕೆಲಸ ನಿಲ್ಲಿಸಲು ಹೇಳಿ. ಹಳೆಯ ಮರ, ಚಪ್ಪಡಿಗಳನ್ನು ಕೊಳ್ಳುವವರು ಕೆಲಸ ನಡೆಯುವ ಮನೆಯನ್ನು ಹುಡುಕಿಕೊಂಡೇ ಬರುತ್ತಾರೆ. ತೆಗೆದ ಪ್ರತಿ ವಸ್ತುವಿಗೂ ಸಂಖ್ಯೆ ಬರೆದು ಬೀಗ ಹಾಕಿದ ಕೋಣೆಯಲ್ಲಿಡಿಸುವುದು ಪರಿಶೀಲಿಸುವವರ ಹೊಣೆ.

ಕೆಲಸ ಮುಗಿದ ಮೇಲೆ, ಮೊದಲ ದಿನ ನಿಂತ ಜಾಗಗಳಲ್ಲೇ ನಿಂತು ಅದೇ ಫೋಟೊಗಳನ್ನು ಮತ್ತೆ ತೆಗೆಯಿರಿ. ಮುಂದಿನ ಅಕ್ಟೋಬರಿನಲ್ಲಿ ಒಂದು ರಾತ್ರಿ ಜೋರು ಮಳೆ ಸುರಿದ ಮರುಬೆಳಗ್ಗೆ ಆ ಮನೆಗೆ ಹೋಗಿ, ಬೀದಿ ಗೋಡೆಯ ಬುಡದಲ್ಲಿ ತೇವದ ಗೆರೆ ಎಷ್ಟು ಎತ್ತರಕ್ಕೆ ನಿಂತಿದೆ ಎಂದು ಸೀಮೆಸುಣ್ಣದಿಂದ ಗುರುತಿಸಿ, ಹಿಂದಿನ ವರ್ಷದ ಅಳತೆಯ ಪಕ್ಕದಲ್ಲಿ ಬರೆದು ಕಡತಕ್ಕೆ ಸೇರಿಸಿ.